ಬೇಸಗೆಯಲ್ಲಿ ನೀರೆರೆದವರು: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಮೊನ್ನೆ ನೀನು ಫೋನಿನಲ್ಲಿ ಆಡಿದ ಮಾತಿಗೆ ಆಗಲೇ ಉತ್ತರ ಕೊಡಬಹುದಿತ್ತು. ಕುಕ್ಕರಿನ ಸೀಟಿಗಳ ನಡುವೆ ಹೇಳಿ ಮುಗಿಸುವ ವಿಷಯ ಅದಲ್ಲವೆನಿಸಿ ಕಾಗದ ಹಿಡಿದು ಕುಳಿತಿದ್ದೇನೆ. ರಾತ್ರಿ ಮಲಗುವ ಮುನ್ನ ಯಾರೋ ಯಾರಿಗೋ ನೆರವಾದ ವಿಡಿಯೊ ನೋಡಿದರೆ ಕಣ್ಣು ತುಂಬಿ ಬರುತ್ತದೆ, ಬೆಳಿಗ್ಗೆ ಎದ್ದು ಆಫೀಸಿನ ಕ್ಯಾಬ್ ಹತ್ತುವಷ್ಟರಲ್ಲಿ ಅದರ ಗುರುತೂ ಉಳಿದಿರುವುದಿಲ್ಲ ಎಂದೆ. ಇನ್ನೊಬ್ಬರಿಗೆ ಏನಾದರೂ ಮಾಡಬೇಕಾದರೆ ದುಡ್ಡಿರಬೇಕು, ಇಲ್ಲವೇ ಪುರುಸೊತ್ತಿರಬೇಕು, ನನ್ನಲ್ಲಿ ಎರಡೂ ಇಲ್ಲ ಎಂದೂ ಸೇರಿಸಿದೆ. ಎರಡನೆಯ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲನೆಯದು ನಿಜ, ಅದಕ್ಕಾಗಿ ನಿನ್ನನ್ನು ದೂರುವುದೂ ಇಲ್ಲ. ಒಳ್ಳೆಯದನ್ನು ಕಂಡು ಮನಸ್ಸು ಕರಗುವುದು ಒಳ್ಳೆಯ ಲಕ್ಷಣವೇ; ಆದರೆ ಆ ಕರಗುವಿಕೆ ಮರುದಿನದ ತನಕ ಬಾಳಿದ್ದನ್ನು ನಾನು ನನ್ನಲ್ಲಾಗಲಿ ಇತರರಲ್ಲಾಗಲಿ ಹೆಚ್ಚು ಕಂಡಿಲ್ಲ. ಬಾಳಿದ್ದು ಏನೆಂಬುದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಹರೇಕಳ ಹಾಜಬ್ಬರ ವಿಷಯ ನೀನು ಚಿಕ್ಕಂದಿನಿಂದ ಕೇಳಿದ್ದೇ. ನಮ್ಮ ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಅವರನ್ನು ವಿದೇಶಿ ದಂಪತಿಯೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು, ಶಾಲೆಯ ಮೆಟ್ಟಿಲು ಹತ್ತದ ಅವರು ಉತ್ತರಿಸಲಾಗದೆ ನಿಂತರು, ತನ್ನೂರಿನ ಮಕ್ಕಳಿಗೆ ಈ ಪಾಡು ಬರಬಾರದೆಂದು ಶಾಲೆ ಕಟ್ಟಿಸಿದರು ಎಂದು ಭಾಷಣಕಾರರು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ನನ್ನ ಗಮನ ನಿಲ್ಲುವುದು ಆ ವಾಕ್ಯದ ನಡುವಿನ ಅಲ್ಪವಿರಾಮದಲ್ಲಿ. ಬೆಲೆ ಕೇಳಿದ್ದು 1978ರ ಸುಮಾರಿಗೆ. ಅವರ ಊರಾದ ನ್ಯೂಪಡ್ಪುವಿನಲ್ಲಿ 28 ಮಕ್ಕಳೊಂದಿಗೆ ಶಾಲೆ ಶುರುವಾದದ್ದು 2000ದಲ್ಲಿ, ಅದೂ ಸ್ವಂತ ಕಟ್ಟಡವಿಲ್ಲದೆ, ಮದರಸದ ಕೋಣೆಯಲ್ಲಿ. ನಡುವಿನ ಎರಡು ದಶಕಗಳಲ್ಲಿ ಆ ಮನುಷ್ಯ ಪ್ರತಿದಿನ ಬೆಳಿಗ್ಗೆ ಎದ್ದದ್ದು ಕಿತ್ತಳೆ ಮಾರುವುದಕ್ಕೇ. ಅದೇ ಬುಟ್ಟಿ, ಅದೇ ಬಿಸಿಲು, ಅದೇ ಚೌಕಾಶಿ. ಅದರಲ್ಲಿ ಉಳಿದ ಚಿಲ್ಲರೆ ಶಾಲೆಗೆ, ಉಳಿದ ಹೊತ್ತು ಸರಕಾರಿ ಕಚೇರಿಗಳ ಅಲೆದಾಟಕ್ಕೆ. ಶಾಲೆಗೆ ನಿವೇಶನವಾಯಿತು, ಕಟ್ಟಡವಾಯಿತು, ಮುಂದೆ ಪ್ರೌಢಶಾಲೆಯೂ ಬಂತು. ತನಗೆ ಬಂದ ಪ್ರಶಸ್ತಿಯ ಹಣವನ್ನೂ ಅವರು ಅಲ್ಲಿಗೇ ಹಾಕಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಗಿ, ಮರುವರ್ಷದ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲಿ ನಡೆದು ಹೋಗಿ ಅದನ್ನು ಸ್ವೀಕರಿಸಿದ ದೃಶ್ಯವನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಆ ದಿನ ನಿನ್ನ ಅಪ್ಪ ಚಪ್ಪಾಳೆ ತಟ್ಟಿದ್ದು ನೆನಪಿದೆಯಲ್ಲವೇ? ಆದರೆ ಚಪ್ಪಾಳೆಗೆ ಯೋಗ್ಯವಾದದ್ದು ಬಹುಪಾಲು ಯಾರೂ ನೋಡದ ಆ ಎರಡು ದಶಕಗಳಲ್ಲಿ ನಡೆದುಹೋಗಿತ್ತು.

ಅವರು ದೇಶದ ಅನಕ್ಷರತೆಯ ಬಗ್ಗೆ ಚಿಂತಿಸುತ್ತ ಕೂರಲಿಲ್ಲ ಎಂಬುದೂ ನನಗೆ ಮುಖ್ಯವಾಗಿ ಕಾಣುತ್ತದೆ. ಅವರ ಕಣ್ಣಿಗೆ ಬಿದ್ದದ್ದು ತನ್ನೂರಿನಲ್ಲಿ ಶಾಲೆಯಿಲ್ಲ ಎಂಬ ಒಂದೇ ಒಂದು ಕೊರತೆ. ಅದು ಎಷ್ಟು ನೋಯಿಸುತ್ತದೆಂಬುದು ಸ್ವಂತ ಅನುಭವದಿಂದ ಗೊತ್ತಿದ್ದುದರಿಂದ ಅವರಿಗೆ ಬೇರೆ ಯಾರ ಸ್ಫೂರ್ತಿಯೂ ಬೇಕಾಗಲಿಲ್ಲ. ನೀನು ದಿನವೂ ಹೋಗಿ ಬರುವ ದಾರಿಯಲ್ಲಿ, ವಾಸಿಸುವ ಪಿ.ಜಿ.ಯಲ್ಲಿ, ದುಡಿಯುವ ಕಟ್ಟಡದಲ್ಲಿ ಇಂತಹ ಕೊರತೆ ಒಂದಾದರೂ ಇದ್ದೇ ಇರುತ್ತದೆ. ಸ್ಫೂರ್ತಿಗಾಗಿ ಮೊಬೈಲಿನೊಳಗೆ ಹುಡುಕುವ ಬದಲು ಒಂದು ವಾರ ಸುಮ್ಮನೆ ಸುತ್ತಮುತ್ತ ನೋಡು.

ಸಾಲುಮರದ ತಿಮ್ಮಕ್ಕನವರ ವಿಷಯದಲ್ಲಿಯೂ ನಾವು ಗಿಡ ನೆಟ್ಟ ಸಂಗತಿಯನ್ನೇ ದೊಡ್ಡದು ಮಾಡುತ್ತೇವೆ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ಸುಮಾರು ನಾಲ್ಕು ಕಿಲೋಮೀಟರ್ ದಾರಿಯ ಬದಿಯಲ್ಲಿ ಅವರೂ ಪತಿ ಚಿಕ್ಕಯ್ಯನವರೂ ನೆಟ್ಟು ಬೆಳೆಸಿದ ಆಲದ ಮರಗಳು 385. ಮಳೆಗಾಲದಲ್ಲಿ ಗಿಡ ನೆಡುವುದು ಯಾರಿಗೂ ಕಷ್ಟವಲ್ಲ. ಜೂನ್ 5ರ ಪರಿಸರ ದಿನದಂದು ಪ್ರತಿ ವರ್ಷ ಅದೇ ಹೊಂಡದಲ್ಲಿ ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವವರನ್ನು ನಾನು ಬಲ್ಲೆ. ಆ ದಂಪತಿಯ ನಿಜವಾದ ಕೆಲಸ ಆರಂಭವಾಗುತ್ತಿದ್ದುದು ಮಳೆ ನಿಂತ ಮೇಲೆ. ಕೂಲಿ ಮುಗಿಸಿದ ಮೈಯಲ್ಲಿ ಕೊಡಗಳಲ್ಲಿ ನೀರು ಹೊತ್ತು ನಡೆಯಬೇಕು, ಎಳೆಯ ಸಸಿಗಳಿಗೆ ಎರೆಯಬೇಕು, ದನಕರು ಬಾಯಿ ಹಾಕದಂತೆ ಮುಳ್ಳಿನ ಬೇಲಿ ಕಟ್ಟಬೇಕು. ಬೇಸಗೆಯಲ್ಲಿ ಒಂದು ವಾರ ತಪ್ಪಿಸಿದರೆ ಹಿಂದಿನ ತಿಂಗಳುಗಳ ಶ್ರಮವೆಲ್ಲ ಒಣಗಿಹೋಗುತ್ತದೆ. ಮೊದಲ ವರ್ಷ ಹತ್ತು, ಎರಡನೆಯ ವರ್ಷ ಹದಿನೈದು, ಆಮೇಲೆ ಇಪ್ಪತ್ತು ಎಂದು ಅವರು ತಮ್ಮ ಕೈಯಲ್ಲಿ ಆಗುವಷ್ಟನ್ನೇ ಹೆಚ್ಚಿಸುತ್ತ ಹೋದರು. ಅವರು 2025ರ ನವೆಂಬರಿನಲ್ಲಿ ತೀರಿಕೊಂಡಾಗ ಪತ್ರಿಕೆಗಳು ಅವರಿಗೆ ಬಂದ ಪ್ರಶಸ್ತಿಗಳ ಪಟ್ಟಿ ಕೊಟ್ಟವು; ಆ ಮುಳ್ಳಿನ ಬೇಲಿಯ ಬಗ್ಗೆ ಇನ್ನೂ ನಾಲ್ಕು ಸಾಲು ಬರೆದಿದ್ದರೆ ಓದುವವರಿಗೆ ಹೆಚ್ಚು ಉಪಯೋಗವಾಗುತ್ತಿತ್ತು.

ಇನ್ನು ನಿನ್ನ ದುಡ್ಡು ಮತ್ತು ಪುರುಸೊತ್ತಿನ ಮಾತು. ದುಡ್ಡು ಬೇಡದ, ಗಂಟೆಯೊಂದರಲ್ಲಿ ಮುಗಿಯುವ ಕೆಲಸವೊಂದನ್ನು ಹೇಳುತ್ತೇನೆ. ನಿನಗೆ ಹದಿನೆಂಟು ತುಂಬಿ ವರ್ಷಗಳಾದವು, ತೂಕ 45 ಕಿಲೋಗಿಂತ ಹೆಚ್ಚಿದೆ, ಹಿಮೋಗ್ಲೋಬಿನ್ 12.5 ಇದ್ದರೆ, ವೈದ್ಯರು ನೋಡಿ ಒಪ್ಪಿದರೆ, ನಾಲ್ಕು ತಿಂಗಳಿಗೊಮ್ಮೆ ನೀನು ರಕ್ತ ಕೊಡಬಹುದು. ಗಂಡಸರಿಗೆ ಮೂರು ತಿಂಗಳ ಅಂತರ ಸಾಕು. ಇದರಲ್ಲಿಯೂ ಅದೇ ಮಾತು ಬರುತ್ತದೆ: ನಾಯಕರ ಹುಟ್ಟುಹಬ್ಬಕ್ಕೆ ಶಿಬಿರ ಮಾಡಿ ಒಂದೇ ದಿನ ನೂರಾರು ಮಂದಿ ಸಾಲುಗಟ್ಟಿ ರಕ್ತ ಕೊಡುತ್ತಾರೆ. ಆದರೆ ಕೆಂಪು ರಕ್ತಕಣಗಳನ್ನು ಹೆಚ್ಚೆಂದರೆ 42 ದಿನ ಇಟ್ಟುಕೊಳ್ಳಬಹುದು, ಪ್ಲೇಟ್‌ಲೆಟ್‌ಗಳನ್ನು ಐದೇ ದಿನ. ಥಲಸ್ಸೇಮಿಯಾ ಎಂಬ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇರುವ ಮಗುವಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಏರಿಸಲೇಬೇಕು, ನಾಯಕರ ಹುಟ್ಟುಹಬ್ಬ ಬರುವ ತನಕ ಅದು ಕಾಯಲಾರದು. ಕಾಲೇಜುಗಳಿಗೆ ರಜೆ ಬಂದು ಶಿಬಿರಗಳು ನಿಲ್ಲುವ ಏಪ್ರಿಲ್-ಮೇ ತಿಂಗಳುಗಳಲ್ಲಿ ರಕ್ತನಿಧಿಗಳವರು ದಾನಿಗಳಿಗಾಗಿ ಹುಡುಕಾಡುತ್ತಾರೆ. ಆಗ, ಯಾರೂ ಕರೆಯದೆಯೇ, ಒಂದು ಶನಿವಾರ ಬೆಳಿಗ್ಗೆ ತಿಂಡಿ ತಿಂದು ಹೋಗಿ ಕೊಟ್ಟು ಬಂದರೆ ಆ ರಕ್ತ ಯಾರಿಗೆ ಸೇರಿತೆಂದು ನಿನಗೂ ತಿಳಿಯುವುದಿಲ್ಲ, ಕೊಟ್ಟವರು ಯಾರೆಂದು ಅವರಿಗೂ ತಿಳಿಯುವುದಿಲ್ಲ. ನನಗೆ ಬಹಳ ಹಿಡಿಸುವ ವ್ಯವಸ್ಥೆ ಇದು.

ದಯೆ ಎಂಬುದಕ್ಕೆ ಒಳ್ಳೆಯ ಮನಸ್ಸು ಒಂದಿದ್ದರೆ ಸಾಕು ಎಂದು ನಾನೂ ಬಹುಕಾಲ ನಂಬಿದ್ದೆ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ದೃಷ್ಟಿಯಿಲ್ಲದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡಲು ಹೋಗತೊಡಗಿದಾಗ ಅದು ಸಾಲದೆಂದು ತಿಳಿಯಿತು. ಸ್ಕ್ರೈಬ್ ಆಗಿ ಕುಳಿತವರು ಪ್ರಶ್ನೆಯನ್ನು ಸ್ಪಷ್ಟವಾಗಿ ಓದಬೇಕು, ವಿದ್ಯಾರ್ಥಿ ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು, ಕೇಳಿದಾಗ ಬರೆದದ್ದನ್ನು ಓದಿ ಹೇಳಬೇಕು. ಅದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಿ.ಎ. ಓದುತ್ತಿದ್ದ ಹುಡುಗನೊಬ್ಬನಿಗೆ ಇತಿಹಾಸದ ಪತ್ರಿಕೆ ಬರೆಯಲು ಹೋಗಿದ್ದೆ. ಪ್ರತ್ಯೇಕ ಕೋಣೆಯಲ್ಲಿ ಎದುರುಬದುರು ಕುಳಿತು, ಪ್ರಶ್ನೆಯನ್ನು ಎರಡು ಬಾರಿ ಓದಿಸಿಕೊಂಡು, ಮೇಜಿನ ಮೇಲೆ ಬೆರಳಾಡಿಸುತ್ತ ಅವನು ಒಂದೊಂದೇ ವಾಕ್ಯ ಹೇಳುತ್ತಿದ್ದ. ತಾಳಿಕೋಟೆಯ ಯುದ್ಧ ನಡೆದ ಇಸವಿ 1556 ಎಂದ. ಅದು 1565 ಎಂದು ನನಗೆ ಹೈಸ್ಕೂಲಿನಿಂದಲೂ ಬಾಯಿಪಾಠ. ಎರಡನೆಯ ಪಾಣಿಪತ್ ಯುದ್ಧದ ಇಸವಿ ಅವನ ನಾಲಗೆಗೆ ಬಂದಿತ್ತು. ಪೆನ್ನು ಅರೆಕ್ಷಣ ತಡೆಯಿತು. ಎರಡು ಅಂಕಿಗಳ ಸ್ಥಾನ ಬದಲಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದು ಕರುಣೆಯ ಹಾಗೆಯೇ ಕಾಣುತ್ತಿತ್ತು ಕೂಡ. ಆದರೆ ಅಲ್ಲಿಂದ ಮುಂದೆ ಆ ಉತ್ತರ ಪತ್ರಿಕೆ ಅವನದಾಗಿ ಉಳಿಯುತ್ತಿರಲಿಲ್ಲ. 1556 ಎಂದೇ ಬರೆದೆ. ಇಂತಹ ಅಭ್ಯರ್ಥಿಗಳಿಗೆ ಗಂಟೆಗೆ ಇಪ್ಪತ್ತು ನಿಮಿಷದಂತೆ ಹೆಚ್ಚುವರಿ ಸಮಯ ಸಿಗುತ್ತದೆ. ಆ ಸಮಯದಲ್ಲಿ ಅವನು ಎಲ್ಲ ಉತ್ತರಗಳನ್ನೂ ಓದಿಸಿಕೊಂಡ. ಇಸವಿ ಬಂದಾಗ ಕೈಯೆತ್ತಿ ತಡೆದು, ತಾನೇ ಲೆಕ್ಕ ಹಾಕಿಕೊಂಡು, ತಿದ್ದಿಸಿದ. ನಾನು ಮಾಡಬೇಕಾಗಿದ್ದುದು ಧ್ವನಿಯಲ್ಲಿ ಏರಿಳಿತವಿಲ್ಲದೆ ಓದುವುದಷ್ಟೇ, ಮತ್ತು ಅದು ನೀನೆಣಿಸುವಷ್ಟು ಸುಲಭವಲ್ಲ.

ನೆರವು ಪಡೆಯುವವರ ಕೈಯಿಂದ ಅವರ ಕೆಲಸವನ್ನು ಕಸಿದುಕೊಳ್ಳದೆ, ಅವರಿಗೆ ತಾನು ಕೆಳಗಿನವನು ಎಂಬ ಭಾವ ಬರದಂತೆ ನೆರವಾಗುವುದನ್ನು ಕಲಿಯಲು ಸಮಯ ಬೇಕು. ಅಕ್ಕಿಯ ಚೀಲದ ಒಂದು ತುದಿಯನ್ನು ಬಡವನಿಂದ ಹಿಡಿಸಿ, ಇನ್ನೊಂದು ತುದಿಯನ್ನು ತಾವು ಹಿಡಿದು, ಇಬ್ಬರೂ ಕ್ಯಾಮೆರಾ ಕಡೆಗೆ ಮುಖ ಮಾಡಿ ನಿಲ್ಲುವ ಚಿತ್ರಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅಕ್ಕಿ ಮನೆಗೆ ತಲುಪಿತು ನಿಜ, ಆದರೆ ಆ ಮನೆಯ ಮಕ್ಕಳು ನಾಳೆ ಶಾಲೆಯಲ್ಲಿ ಆ ಚಿತ್ರವನ್ನು ಎದುರಿಸಬೇಕು. ನಿನ್ನ ಅಜ್ಜನ ಮನೆಯ ಜಗಲಿಯಲ್ಲಿ ಬಂದವರಿಗೆಲ್ಲ ಮೊದಲು ಬೆಲ್ಲ ನೀರು ಇಟ್ಟು, ಅದನ್ನು ಕುಡಿದಾದ ಮೇಲೆಯೇ ಬಂದ ಕೆಲಸವೇನೆಂದು ಕೇಳುತ್ತಿದ್ದುದು ನಮ್ಮ ಈ ತುಳುನಾಡಿನ ಹಳೆಯ ಪದ್ಧತಿ. ಬಾಯಾರಿದವನು ತನಗೆ ಬಾಯಾರಿದೆ ಎಂದು ಹೇಳಿಕೊಳ್ಳಬೇಕಾದ ಪ್ರಸಂಗವೇ ಅಲ್ಲಿ ಬರುತ್ತಿರಲಿಲ್ಲ. ನಾಲ್ಕನೆಯ ಮಹಡಿಗೆ ಮೆಟ್ಟಿಲು ಹತ್ತಿ ಊಟದ ಪೊಟ್ಟಣ ತಂದುಕೊಡುವ ಹುಡುಗನಿಗೆ ಒಂದು ಲೋಟ ನೀರು ಬೇಕೇ ಎಂದು ಕೇಳುವುದಕ್ಕೆ ಬೆಂಗಳೂರಿನಲ್ಲಿಯೂ ಅಡ್ಡಿಯಿಲ್ಲವಷ್ಟೆ.

ನೀನು ಮುಖ ನೋಡದ ಜನರ ವಿಷಯವನ್ನೂ ಹೇಳಬೇಕು. ನಿನ್ನ ಪಿ.ಜಿ.ಯ ಮುಂದೆ ಬೆಳಗಾಗುವ ಮೊದಲೇ ಬರುವ ಪೌರಕಾರ್ಮಿಕರು ಕಸದ ಚೀಲವನ್ನು ಅನೇಕ ವೇಳೆ ಬರಿಗೈಯಿಂದಲೇ ಬಿಚ್ಚುತ್ತಾರೆ. ಅದರಲ್ಲಿ ಒಡೆದ ಗಾಜಿನ ಲೋಟ, ಉಪಯೋಗಿಸಿದ ಬ್ಲೇಡು, ಸುತ್ತದೆ ಎಸೆದ ಸ್ಯಾನಿಟರಿ ಪ್ಯಾಡ್ ಎಲ್ಲವೂ ಅನ್ನದ ಜೊತೆ ಕಲಸಿಕೊಂಡಿರುತ್ತವೆ. ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ ಎಂದು ಬೇರೆ ಮಾಡಬೇಕೆಂಬ ನಿಯಮ ನಿಮ್ಮ ಊರಿನಲ್ಲಿ ಬಂದು ವರ್ಷಗಳಾದವು, ಪಿ.ಜಿ.ಗಳಲ್ಲಿ ಅದನ್ನು ಪಾಲಿಸುವವರು ಕಡಿಮೆ ಎಂದು ನೀನೇ ಹೇಳಿದ್ದೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಎರಡು ಸುತ್ತು ಸುತ್ತಿ, ದಾರ ಕಟ್ಟಿ, ಮೇಲೆ ‘ಗಾಜು’ ಎಂದು ದೊಡ್ಡದಾಗಿ ಬರೆ. ಓದು ಬಾರದವರಿಗೂ ತಿಳಿಯುವಂತೆ ಕೆಂಪು ಶಾಯಿಯಲ್ಲಿ ಒಂದು ಗುರುತು ಹಾಕು. ಪ್ಯಾಡನ್ನೂ ಹಾಗೆಯೇ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೆಂಪು ಚುಕ್ಕೆಯಿಡು. ನಿನ್ನ ಮಹಡಿಯ ಹುಡುಗಿಯರಿಗೆ ಉಪದೇಶ ಮಾಡಲು ಹೋಗಬೇಡ, ಯಾರಿಗೂ ರುಚಿಸುವುದಿಲ್ಲ. ಕಸದ ಡಬ್ಬಿಗಳ ಪಕ್ಕದಲ್ಲಿ ಹಳೆಯ ಪತ್ರಿಕೆಗಳ ಒಂದು ಕಟ್ಟು, ದಾರಕ್ಕೆ ಕಟ್ಟಿದ ಒಂದು ಕೆಂಪು ಸ್ಕೆಚ್ ಪೆನ್ನು ಇಟ್ಟುಬಿಡು. ಪೆನ್ನು ಕಳೆದುಹೋಗುತ್ತದೆ, ಇನ್ನೊಂದು ಇಡು. ಹರಡುವುದೆಂದರೆ ಬಹುಮಟ್ಟಿಗೆ ಹೀಗೆ: ಇನ್ನೊಬ್ಬರಿಗೆ ಅದು ಸುಲಭವಾಗುವಂತೆ ಮಾಡಿಟ್ಟು ಸುಮ್ಮನಿರುವುದು.

ಇಷ್ಟನ್ನೆಲ್ಲ ಓದಿ ಸೋಮವಾರದಿಂದಲೇ ಹತ್ತು ಕೆಲಸ ಹಚ್ಚಿಕೊಳ್ಳುವ ಸ್ವಭಾವ ನಿನ್ನದು. ದಯವಿಟ್ಟು ಹಾಗೆ ಮಾಡಬೇಡ. ಒಂದೇ ಒಂದನ್ನು ಆರಿಸಿಕೋ, ಬೇಸರ ಬಂದ ದಿನವೂ ಮಾಡಲಾಗುವಷ್ಟು ಚಿಕ್ಕದನ್ನು. ಜ್ವರ ಬಂದಾಗ, ಕೆಲಸದ ಒತ್ತಡದಲ್ಲಿ ನಿದ್ದೆಗೆಟ್ಟಾಗ ಅದನ್ನೂ ಬಿಟ್ಟು ಮಲಗು. ಎಲ್ಲರಿಗೂ ಒದಗಿ ಮನೆಯವರ ಮೇಲೆ ಸಿಡುಕುವ ಉಪಕಾರಿಗಳನ್ನು ನೆಂಟರಲ್ಲಿಯೇ ಸಾಕಷ್ಟು ನೋಡಿದ್ದೇವೆ, ಹೆಸರು ಬರೆಯುವುದಿಲ್ಲ.

ಮುಂದಿನ ತಿಂಗಳು ನೀನು ಬರುವ ಹೊತ್ತಿಗೆ ಇಲ್ಲಿನ ಕಾಲೇಜಿನಲ್ಲಿ ಪರೀಕ್ಷೆಗಳು ನಡೆಯುತ್ತಿರುತ್ತವೆ, ನಾನು ಎರಡು ದಿನ ಬೆಳಿಗ್ಗೆ ಮನೆಯಲ್ಲಿರುವುದಿಲ್ಲ. ಬೀಗದ ಕೈ ಪಕ್ಕದ ಮನೆಯಲ್ಲಿರುತ್ತದೆ. ಅದಕ್ಕೂ ಮೊದಲು ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ ಎಷ್ಟಿದೆ ಎಂದು ತಿಳಿಸು. 12.5ಕ್ಕಿಂತ ಕಡಿಮೆಯಿದ್ದರೆ ರಕ್ತ ಕೊಡುವ ಮಾತು ಆಮೇಲಾಗಲಿ, ಹುರುಳಿಯನ್ನೂ ರಾಗಿಯನ್ನೂ ಬಸ್ಸಿನಲ್ಲಿ ಕಳುಹಿಸುತ್ತೇನೆ, ಬೇಯಿಸಿ ತಿನ್ನುವಷ್ಟು ಪುರುಸೊತ್ತು ಮಾಡಿಕೋ.

ಇಂತು,
ನಿನ್ನ ಅಮ್ಮ