ಬಸ್ಸು ಬೂತಿನ ಮುಂದೆ, ಚಾಲಕನ ಮತ ಎಲ್ಲಿ?

ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೆ ಸಾರಿಗೆ ನೌಕರರ ಬಹಿರಂಗ ಪತ್ರ

ಮಾನ್ಯರೇ,

ಪ್ರತಿ ಚುನಾವಣೆ ಬಂದಾಗಲೂ ನಮ್ಮ ಸಂಘ ಡಿಪೋ ಗೇಟಿನಲ್ಲಿ ನಿಂತು ಒಂದೇ ಮಾತು ಹೇಳುತ್ತದೆ: ಸಾರ್ವಜನಿಕ ಸೇವೆ ಉಳಿಸುವವರಿಗೆ ಮತ ಹಾಕಿ. ಯಾವ ಪಕ್ಷ ಎಂದು ಹೇಳುವುದಿಲ್ಲ. ಹಳ್ಳಿಗೆ ಹೋಗುವ ಬಸ್ಸು, ತಾಲ್ಲೂಕು ಆಸ್ಪತ್ರೆ, ಸರ್ಕಾರಿ ಶಾಲೆ, ಕುಡಿಯುವ ನೀರು ಇವುಗಳಿಗೆ ಏನು ಮಾಡುತ್ತೀರಿ, ಖಾಲಿ ಹುದ್ದೆ ಯಾವಾಗ ತುಂಬುತ್ತೀರಿ ಎಂದು ಅಭ್ಯರ್ಥಿಯನ್ನು ಕೇಳಿ, ಆಮೇಲೆ ಬಟನ್ ಒತ್ತಿ ಎನ್ನುತ್ತೇವೆ. 2023ರ ಮೇ 13ರಂದು ವಿಧಾನಸಭಾ ಚುನಾವಣೆಯ ಎಣಿಕೆ ಮುಗಿಯಿತು, ಜೂನ್ 11ಕ್ಕೆ ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಸ್ಸಿನ ಮೆಟ್ಟಿಲು ಹತ್ತಿತು. ಜನ ಹಾಕಿದ ಮತ ನಮ್ಮ ಡ್ಯೂಟಿಯನ್ನು ಮುಟ್ಟಲು ಒಂದು ತಿಂಗಳೂ ಬೇಕಾಗಲಿಲ್ಲ. ಹೀಗಿರುವಾಗ ಗೇಟಿನಲ್ಲಿ ನಮ್ಮ ಮಾತು ಕೇಳಿದ ಚಾಲಕ, ನಿರ್ವಾಹಕರು ತಿರುಗಿ ಕೇಳುವ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಉತ್ತರವಿಲ್ಲ: "ಹಾಕ್ತೀವಿ ಸಾರ್, ಯಾವಾಗ ಹಾಕೋದು?"

ಆ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ. ಕಾನೂನು ನಿಮಗೆ ಗೊತ್ತಿಲ್ಲದ್ದಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಮತದಾನದ ದಿನ ಸಂಬಳಸಹಿತ ರಜೆ ಕೊಡಲೇಬೇಕು ಎನ್ನುತ್ತದೆ. ಅದೇ ಕಲಂ, ಗೈರುಹಾಜರಾದರೆ ಅಪಾಯ ಅಥವಾ ಭಾರೀ ನಷ್ಟ ಆಗುವಂಥ ಕೆಲಸದಲ್ಲಿರುವವರಿಗೆ ಈ ರಜೆ ಅನ್ವಯಿಸುವುದಿಲ್ಲ ಎಂದೂ ಹೇಳುತ್ತದೆ. ನಮಗೆ ರಜೆ ಇಲ್ಲ ಎನ್ನುವಾಗ ತೋರಿಸುವುದು ಈ ಕೊನೆಯ ಸಾಲನ್ನೇ. ಸರಿ, ಒಪ್ಪೋಣ. ಜನ ಊರಿಗೆ ಹೋಗಿ ಮತ ಹಾಕಬೇಕಾದರೆ ಯಾರಾದರೂ ಬಸ್ಸು ಓಡಿಸಲೇಬೇಕು. ಹಾಗಾದರೆ ರಜೆಯ ಬದಲಿಗೆ ಬೇರೆ ದಾರಿ ತೋರಿಸಬೇಕಲ್ಲವೇ? ದಾರಿ ನಿಯಮದಲ್ಲಿದೆ, ನಮ್ಮವರ ಕೈಗೆ ಬರುತ್ತಿಲ್ಲ.

ಚುನಾವಣಾ ಕೆಲಸಕ್ಕೇ ಹೋಗುವ ಬಸ್ಸಿನಿಂದ ಶುರು ಮಾಡುತ್ತೇವೆ. ಅದೇ ಕಾಯ್ದೆಯ 160ನೇ ಕಲಂ ಪ್ರಕಾರ ಬಸ್ಸುಗಳನ್ನು ವಶಕ್ಕೆ ಪಡೆಯುತ್ತೀರಿ. ಆದೇಶ ಬರುವುದು ಬಸ್ಸಿನ ಹೆಸರಿಗೆ. ಯಾರು ಓಡಿಸುತ್ತಾರೆ ಎಂಬುದು ಡಿಪೋದಲ್ಲಿ ಒಂದೆರಡು ದಿನ ಮೊದಲಷ್ಟೇ ತೀರ್ಮಾನವಾಗುತ್ತದೆ. ಮತದಾನದ ಹಿಂದಿನ ದಿನ ಬೆಳಿಗ್ಗೆ ಚಾಲಕ ಬಸ್ಸನ್ನು ಮಸ್ಟರಿಂಗ್ ಕೇಂದ್ರಕ್ಕೆ, ಅಂದರೆ ಮತಗಟ್ಟೆ ಸಿಬ್ಬಂದಿ ಸೇರಿ ಹೊರಡುವ ಜಾಗಕ್ಕೆ ತರುತ್ತಾನೆ, ಮತಯಂತ್ರವನ್ನೂ ಸಿಬ್ಬಂದಿಯನ್ನೂ ಹತ್ತಿಸಿಕೊಂಡು ಮತಗಟ್ಟೆಗೆ ಹೋಗುತ್ತಾನೆ, ರಾತ್ರಿ ಸೀಟಿನ ಮೇಲೇ ಮಲಗುತ್ತಾನೆ. ಮರುದಿನ ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಶಾಲೆಯ ಅಂಗಳದಲ್ಲಿ ಬಸ್ಸು ನಿಂತಿರುತ್ತದೆ. ಮತಯಂತ್ರ ಇವನಿಂದ ಐವತ್ತು ಹೆಜ್ಜೆ ದೂರ. ಊರಿನವರೆಲ್ಲ ಸಾಲಿನಲ್ಲಿ ನಿಂತು, ಬೆರಳಿಗೆ ಶಾಯಿ ಹಾಕಿಸಿಕೊಂಡು ಬಸ್ಸಿನ ಪಕ್ಕದಲ್ಲೇ ಮನೆಗೆ ಹೋಗುತ್ತಾರೆ. ಇವನ ಬೆರಳು ಖಾಲಿ. ರಾತ್ರಿ ಡಿಮಸ್ಟರಿಂಗ್, ಅಂದರೆ ಮತಯಂತ್ರ ಹಿಂದಿರುಗಿಸುವ ಕೆಲಸ ಮುಗಿದು ಡಿಪೋ ಸೇರುವ ಹೊತ್ತಿಗೆ ಮತದಾನ ಮುಗಿದು ಎಷ್ಟೋ ಗಂಟೆ ಆಗಿರುತ್ತದೆ.

ಇದು ಆಗಬೇಕಾಗಿಯೇ ಇರಲಿಲ್ಲ. ಚುನಾವಣಾ ಕರ್ತವ್ಯದಲ್ಲಿರುವ ಸರ್ಕಾರಿ ನೌಕರ ತನ್ನದೇ ಕ್ಷೇತ್ರದಲ್ಲಿದ್ದರೆ ನಮೂನೆ 12ಎ ಅರ್ಜಿ ಕೊಟ್ಟು 12ಬಿ, ಅಂದರೆ ಚುನಾವಣಾ ಕರ್ತವ್ಯ ಪ್ರಮಾಣಪತ್ರ ಪಡೆಯಬಹುದು. ಅದನ್ನು ತೋರಿಸಿದರೆ ಮತಗಟ್ಟೆ ಅಧ್ಯಕ್ಷಾಧಿಕಾರಿ ಪಟ್ಟಿಯ ಕೊನೆಯಲ್ಲಿ ಹೆಸರು ಬರೆದುಕೊಂಡು ಅಲ್ಲೇ ಮತ ಹಾಕಿಸುತ್ತಾರೆ. ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ. ಆದ್ದರಿಂದ ಲೋಕಸಭಾ ಚುನಾವಣೆಯಲ್ಲಿ ಹತ್ತಿರದ ಡಿಪೋದಿಂದ ಹೋದ, ಅಲ್ಲಿಯದೇ ಮತದಾರನಾದ ಚಾಲಕನಿಗೆ ಈ ಪತ್ರವೊಂದೇ ಸಾಕು. ಅರ್ಜಿ ನಾಲ್ಕು ದಿನ ಮೊದಲು ತಲುಪಬೇಕು ಎಂಬುದು ನಿಯಮ. "ಅಥವಾ ಚುನಾವಣಾಧಿಕಾರಿ ಅನುಮತಿಸಿದ ಅದಕ್ಕಿಂತ ಕಡಿಮೆ ಅವಧಿ" ಎಂಬುದೂ ಅದೇ ನಿಯಮದಲ್ಲಿದೆ. ನಾವು ಕಾನೂನು ಬದಲಿಸಿ ಎನ್ನುತ್ತಿಲ್ಲ. ಆ ಕೊನೆಯ ಸಾಲನ್ನು ಬಳಸಿ ಎನ್ನುತ್ತಿದ್ದೇವೆ. ಮಸ್ಟರಿಂಗ್ ಕೇಂದ್ರದಲ್ಲಿ ಚಾಲಕರಿಗೆಂದೇ ಒಂದು ಮೇಜು ಹಾಕಿ, ಅಲ್ಲೇ ಅರ್ಜಿ ತೆಗೆದುಕೊಂಡು ಅಲ್ಲೇ ಪ್ರಮಾಣಪತ್ರ ಕೊಡಿ.

ಬೇರೆ ಕ್ಷೇತ್ರದ ಮತದಾರನಾದರೆ ನಮೂನೆ 12, ಅಂಚೆ ಮತಪತ್ರ. 2023ರ ತಿದ್ದುಪಡಿಯಾದ ಮೇಲೆ ಅದನ್ನು ಸೌಲಭ್ಯ ಕೇಂದ್ರದಲ್ಲೇ ಪಡೆದು, ಗುರುತು ಹಾಕಿ, ಅಲ್ಲೇ ಕೊಡಬೇಕು. ಮತಗಟ್ಟೆ ಸಿಬ್ಬಂದಿಗೆ ತರಬೇತಿಯ ಜಾಗದಲ್ಲೇ ಆ ಕೇಂದ್ರ ಸಿಗುತ್ತದೆ. ಚಾಲಕರಿಗೆ ತರಬೇತಿಯೇ ಇಲ್ಲ, ಹಾಗಾಗಿ ಅವರು ಕೇಂದ್ರದ ಬಾಗಿಲನ್ನೇ ನೋಡುವುದಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ ಎಂದು ನಂಬುತ್ತೇವೆ, ಆದರೆ ವರ್ಷಗಳಿಂದ ಯಾರೂ ಗಮನಿಸಿಲ್ಲ ಎಂಬುದು ನಮ್ಮನ್ನು ಹೆಚ್ಚು ನೋಯಿಸುತ್ತದೆ.

ಇನ್ನು ಲಾಂಗ್ ರೂಟಿನವರು. ವಿದ್ಯುತ್, ಆರೋಗ್ಯ, ಅಗ್ನಿಶಾಮಕದವರ ಹಾಗೆ ಅಗತ್ಯ ಸೇವೆಯ ಗೈರುಹಾಜರಿ ಮತದಾರ ಎಂದು ಇವರಿಗೆ ಅಂಚೆ ಮತ ಕೇಳುವ ಅರ್ಜಿ, ನಮೂನೆ 12ಡಿ. ಅಧಿಸೂಚನೆಯಾದ ಐದು ದಿನದೊಳಗೆ ಅದು ಚುನಾವಣಾಧಿಕಾರಿಗೆ ತಲುಪಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ದಕ್ಷಿಣದ 14 ಕ್ಷೇತ್ರಗಳಿಗೆ ಮಾರ್ಚ್ 28ಕ್ಕೆ ಅಧಿಸೂಚನೆ, ಏಪ್ರಿಲ್ 2 ಕೊನೆಯ ದಿನ, ಮತದಾನ ಏಪ್ರಿಲ್ 26. ನಾಮಪತ್ರ ಸಲ್ಲಿಕೆಗೇ ಏಪ್ರಿಲ್ 4ರವರೆಗೆ ಸಮಯವಿತ್ತು. ಕಣದಲ್ಲಿ ಯಾರಿದ್ದಾರೆ ಎಂದು ಗೊತ್ತಾಗುವ ಮೊದಲೇ, 26ರಂದು ತನ್ನ ಡ್ಯೂಟಿ ಯಾವ ಷೆಡ್ಯೂಲಿನಲ್ಲಿ ಎಂದು ನಿರ್ವಾಹಕ ಹೇಗೆ ಹೇಳಬೇಕು? ಒಂದು ಡಿಪೋದಲ್ಲಿ 12ಡಿ ಕಟ್ಟು ಬಂದದ್ದು ಕೊನೆಯ ದಿನ ಸಂಜೆ. ನೋಟಿಸ್ ಬೋರ್ಡಿಗೆ ಒಂದು ಪ್ರತಿ ಅಂಟಿಸಿ ಉಳಿದದ್ದನ್ನು ಬೀರುವಿನಲ್ಲಿಟ್ಟರು. ನೈಟ್ ಔಟ್ ಹೋಗಿದ್ದವರು ಮರುದಿನ ಬಂದು ಓದಿದರು. ಸಹಿ ಹಾಕಬೇಕಾದ ನೋಡಲ್ ಅಧಿಕಾರಿ ಯಾರು ಎಂದು ಆ ಡಿಪೋದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆ ಸಹಿ ಇಲ್ಲದೆ ಅರ್ಜಿ ತಿರಸ್ಕೃತ. ಕೇಳಿದ್ದಕ್ಕೆ "ನಿಮಗೆ ಆಸಕ್ತಿ ಇಲ್ಲ" ಎಂಬ ಉತ್ತರ ಬಂತು. ಮೂವತ್ತು ವರ್ಷ ಜನರನ್ನು ಮತಗಟ್ಟೆಗೆ ಮುಟ್ಟಿಸಿದವನಿಗೆ ಹೇಳುವ ಮಾತೇ ಇದು?

ಅರ್ಜಿ ಹಾಕಿದವರ ಪಾಡೂ ಕೇಳಿ. ಅರ್ಜಿ ಒಪ್ಪಿತವಾದರೆ ಪಟ್ಟಿಯಲ್ಲಿ ಹೆಸರಿನ ಮುಂದೆ ಅಂಚೆ ಮತದ ಗುರುತು ಬೀಳುತ್ತದೆ. ಆಮೇಲೆ ಮತಗಟ್ಟೆಯಲ್ಲಿ ಹಾಕುವಂತಿಲ್ಲ, ಆ ದಿನ ಡ್ಯೂಟಿ ರದ್ದಾದರೂ ಇಲ್ಲ. ಅಂಚೆ ಮತದಾನ ಕೇಂದ್ರ ಮೂರು ದಿನ, ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ. ರಾತ್ರಿ ಹೋಗಿ ಬೆಳಿಗ್ಗೆ ಇಳಿದು ಮತ್ತೆ ರಾತ್ರಿ ಹೊರಡುವವನು ಆ ಮೂರು ದಿನವೂ ಬೇರೆ ಊರಿನಲ್ಲಿದ್ದರೆ ಅವನ ಮತ ಎರಡೂ ಕಡೆ ತಪ್ಪಿತು. ಇದನ್ನು ಒಮ್ಮೆ ಅನುಭವಿಸಿದವರು ಮತ್ತೆ ನಮೂನೆ ಮುಟ್ಟುವುದಿಲ್ಲ.

ರಾಯಚೂರು, ಕಲಬುರಗಿ ಕಡೆಯ ಎಷ್ಟೋ ಜನ ಬೆಂಗಳೂರಿನ ಡಿಪೋಗಳಲ್ಲಿದ್ದಾರೆ. ಅವರ ಊರಿನ ಮತದಾನ ಮೇ 7ಕ್ಕಿತ್ತು. ಬೆಂಗಳೂರಿನಲ್ಲಿ ಅದು ಮಾಮೂಲಿ ಮಂಗಳವಾರ. ಮತ ಎಲ್ಲಿದೆಯೋ ಅಲ್ಲಿನ ಮತದಾನದ ದಿನವೇ ರಜೆ ಎಂದು ಡಿಪೋಗಳಿಗೆ ಬರೆದು ತಿಳಿಸಬೇಕಾದವರು ಯಾರು? ಹೊರಗುತ್ತಿಗೆಯ ಆಸ್ಪತ್ರೆ ಸ್ವಚ್ಛತಾ ಸಿಬ್ಬಂದಿಗೆ, ದಿನಗೂಲಿಯವರಿಗೆ ಆ ದಿನದ ಕೂಲಿಯೇ ಕಡಿತ. ಉಲ್ಲಂಘಿಸಿದ ಮಾಲೀಕನಿಗೆ ದಂಡ ಬರೀ 500 ರೂಪಾಯಿವರೆಗೆ, ಅದನ್ನಾದರೂ ಹಾಕಿ.

ರಜೆ ಕೊಡಿ, ಇಲ್ಲವೇ ಅಂಚೆ ಮತ ಕೊಡಿ. ಎರಡೂ ಇಲ್ಲ ಎನ್ನಬೇಡಿ. ಅಧಿಸೂಚನೆಗೆ ಹದಿನೈದು ದಿನ ಮೊದಲೇ ಪ್ರತಿ ಡಿಪೋದಲ್ಲಿ ನೋಡಲ್ ಅಧಿಕಾರಿಯ ಹೆಸರು ಬೋರ್ಡಿನ ಮೇಲೆ ಬರಲಿ. ಮತದಾರರ ಪಟ್ಟಿಯಲ್ಲಿ ಭಾಗದ ಸಂಖ್ಯೆ, ಕ್ರಮ ಸಂಖ್ಯೆ ಹುಡುಕಿ ನಮೂನೆ ತುಂಬಿಸುವ ಕೆಲಸ ನಮ್ಮ ಸಂಘ ಮಾಡುತ್ತದೆ. ಸಹಿಯಷ್ಟೇ ನಿಮ್ಮ ಕಡೆಯಿಂದ ಬೇಕು. ಅರ್ಜಿ ಕೊಟ್ಟವರಿಗೆ ಆ ಮೂರು ದಿನಗಳಲ್ಲಿ ಒಂದು ದಿನ ಊರಿನಲ್ಲೇ ಡ್ಯೂಟಿ ಎಂದು ನಿಗಮಕ್ಕೆ ಪತ್ರ ಬರೆಯಿರಿ. ಮಸ್ಟರಿಂಗ್ ಕೇಂದ್ರದಲ್ಲಿ ಆ ಮೇಜು ಹಾಕಿಸಿ. ರಜೆ ಕೊಡಿ, ಇಲ್ಲವೇ ಅಂಚೆ ಮತ ಕೊಡಿ.

ಇದೇ ವಿಷಯದ ಮನವಿಗಳನ್ನು ನಮ್ಮ ಸಂಘ ಈ ಮೊದಲೂ ಕೊಟ್ಟಿದೆ, ಸ್ವೀಕೃತಿ ಚೀಟಿಗಳು ನಮ್ಮ ಕಡತದಲ್ಲಿವೆ. ಈ ಸಲ ಚೀಟಿ ಬೇಡ, ಡಿಪೋಗಳಿಗೆ ಹೊರಡಿಸಿದ ಸುತ್ತೋಲೆಯ ಪ್ರತಿ ಕಳಿಸಿಕೊಡಿ. ಅದನ್ನು ಗೇಟಿನಲ್ಲಿ ಅಂಟಿಸುತ್ತೇವೆ.

ಇಂತಿ,
ಸಾರಿಗೆ ನೌಕರರ ಸಂಘದ ಪರವಾಗಿ