ಮಗಳಿಗೊಂದು ಪತ್ರ: ಬೆಳ್ಳೂರು ಕ್ರಾಸ್ ನೆನಪಿಲ್ಲ

ಮಗಳೇ,

ನಿನ್ನೆ ಫೋನಿನಲ್ಲಿ ನಿನ್ನ ಮೇಲೆ ಕಿರುಚಿಬಿಟ್ಟೆ. ಬೇಜಾರಾಗಿರುತ್ತದೆ, ಗೊತ್ತು. ಆದರೆ ಮೆಡಿಕಲ್ ಶಾಪಿಗೆ ಹೋಗುವಾಗ ಸ್ಕೂಟರ್ ಮೇಲೆ ಕಣ್ಣು ಮುಚ್ಚಿಹೋಯ್ತು, "ಎರಡೇ ಸೆಕೆಂಡ್ ಅಪ್ಪ" ಅಂತ ನಗುತ್ತಾ ಹೇಳಿದರೆ ನಾನೇನು ಮಾಡಲಿ? 40ರ ಸ್ಪೀಡಿನಲ್ಲಿ 2 ಸೆಕೆಂಡ್ ಅಂದರೆ 22 ಮೀಟರ್. ಎರಡು ಬಸ್ಸಿನ ಉದ್ದ.

ಬಾಣಂತನ ಎಲ್ಲಿ ಆಗಬೇಕಿತ್ತು ಅನ್ನುವ ಜಗಳ ಈಗ ಬೇಡ.

ನಾನು ಓಡಿಸಿದ ಮಂಗಳೂರು–ಬೆಂಗಳೂರು ರಾತ್ರಿ ಬಸ್ಸಿನ ಮಾತು ಹೇಳುತ್ತೇನೆ. ಎಲ್ಲರೂ ಶಿರಾಡಿ ಘಾಟಿಗೆ ಹೆದರುತ್ತಾರೆ. ಘಾಟಿಯಲ್ಲಿ ನಿದ್ದೆ ಬರುವುದಿಲ್ಲ, ತಿರುವುಗಳು ಬಿಡುವುದಿಲ್ಲ. ಬರುವುದು ಹಾಸನ ದಾಟಿದ ಮೇಲೆ, ರಸ್ತೆ ನೇರ ಆದಾಗ, 3 ಗಂಟೆ ಹೊತ್ತಿಗೆ. ಒಂದು ರಾತ್ರಿ ಚನ್ನರಾಯಪಟ್ಟಣ ಬಂದದ್ದು ನೆನಪಿದೆ. ಹಿರೀಸಾವೆ ನೆನಪಿದೆ. ಬೆಳ್ಳೂರು ಕ್ರಾಸ್ ನೆನಪಿಲ್ಲ. ಆಮೇಲೆ ನೋಡಿದರೆ ಯಡಿಯೂರಿನ ದೀಪ. ಕೈ ಸ್ಟೀರಿಂಗ್ ಮೇಲೇ ಇತ್ತು, ಕಣ್ಣೂ ತೆರೆದೇ ಇತ್ತು. ಆ ಕ್ರಾಸಿನಲ್ಲಿ ಟೀ ಅಂಗಡಿ, ಸಾಲು ಲಾರಿ, ಆ ಹೊತ್ತಿನಲ್ಲೂ ರಸ್ತೆ ದಾಟುವ ಜನ. ಅದನ್ನೆಲ್ಲ ದಾಟಿಸಿದ್ದು ಯಾರು? ಹಿಂದೆ ಬಸ್ ತುಂಬ ಜನ ಮಲಗಿದ್ದರು. ಬೆಂಗಳೂರಿನಲ್ಲಿ ಇಳಿಯುವಾಗ ಒಬ್ಬ ಅಜ್ಜಿ "ಆರಾಮಾಗಿ ಕರ್ಕೊಂಡು ಬಂದ್ರಿ ಕಣಪ್ಪಾ" ಅಂದರು. ಇವತ್ತಿಗೂ ಆ ಕ್ರಾಸನ್ನು ತಲೆಯೊಳಗೆ ಹುಡುಕುತ್ತೇನೆ. ಸಿಗುವುದಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಸ್ಕೂಟರ್ ಕೀ ಅಳಿಯಂದಿರ ಕೈಗೆ ಕೊಡು.

ನೀನು ಗಟ್ಟಿ ಹುಡುಗಿ. ಊರೆಲ್ಲ ನಿನ್ನ ಬಗ್ಗೆ ಜಂಬ ಕೊಚ್ಚಿಕೊಂಡು ತಿರುಗುತ್ತೇನೆ. ಆದರೆ ನಿದ್ದೆಯ ಮುಂದೆ ಗಟ್ಟಿತನ ನಡೆಯುವುದಿಲ್ಲ. ಸತತ 17 ಗಂಟೆ ಎಚ್ಚರ ಇದ್ದವರ ಕೈ ಕುಡಿದವರ ಕೈಯಷ್ಟೇ ನಿಧಾನ ಆಗುತ್ತದೆ, ಪರೀಕ್ಷೆ ಮಾಡಿ ನೋಡಿದ್ದಾರೆ. ನೀನು ಒಂದೇ ಸಮ ನಾಲ್ಕು ಗಂಟೆ ಮಲಗಿ ಎಷ್ಟು ದಿನ ಆಯ್ತು?

ಮಗುವಿಗೆ ಹಗಲು ರಾತ್ರಿ ತಿಳಿಯೋಕೆ ಮೂರು ತಿಂಗಳಾದರೂ ಬೇಕು. ಅದರ ಜೊತೆ ಗುದ್ದಾಡಿ ಪ್ರಯೋಜನ ಇಲ್ಲ. ಲಾಂಗ್ ರೂಟಿಗೆ ಇಬ್ಬರು ಡ್ರೈವರ್ ಹಾಕುವುದು ಯಾಕೆ ಹೇಳು? ರಾತ್ರಿ 9ರಿಂದ 2ರವರೆಗೆ ಅಳಿಯಂದಿರ ಪಾಳಿ. ನೀನು ಬೇರೆ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮಲಗು. ಹಾಲು ತೆಗೆದು ಫ್ರಿಜ್ಜಿನಲ್ಲಿಟ್ಟರೆ 4 ದಿನ ಇರುತ್ತದೆ. (ಅಪ್ಪ ಇದೆಲ್ಲ ಹೇಳ್ತಾನಾ ಅಂತ ನಗಬೇಡ, ಅಮ್ಮ ಪಕ್ಕದಲ್ಲಿ ಕೂತು ಬರೆಸುತ್ತಿದ್ದಾಳೆ.) ಸೋಫಾದಲ್ಲಿ ಹಾಲು ಕುಡಿಸುತ್ತಾ ತೂಕಡಿಸಬೇಡ, ಮಗು ಸಂದಿಗೆ ಜಾರಿದರೆ ಉಸಿರು ಕಟ್ಟುತ್ತದೆ. ಸಾಸಿವೆ ದಿಂಬೂ ಬೇಡ, ನಿಮ್ಮತ್ತೆ ಬೈದರೆ ಬೈಯಲಿ.

ಮಗು ಮಲಗಿದಾಗಲೂ ನಿನಗೆ ನಿದ್ದೆ ಬಾರದೆ ಸುಮ್ನೆ ಅಳು ಬರುತ್ತಿದ್ದರೆ ಅದು ಬೇರೆ ವಿಷಯ. ಮುಚ್ಚಿಡದೆ ಡಾಕ್ಟರಿಗೆ ಹೇಳು. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ.

ಭಾಷಣ ಜಾಸ್ತಿ ಆಯ್ತು, ಅಲ್ವಾ? ಶನಿವಾರ ಅಮ್ಮ ಬರುತ್ತಾಳೆ, ಎರಡು ವಾರ ಇರುತ್ತಾಳೆ. ನಾನೂ ಬರಬಹುದಾ ಅಂತ ಹೇಳು. ಒಂದು ಪಾಳಿ ನನಗೂ ಬರೆದುಕೋ, 2ರಿಂದ 5. ಆ ಹೊತ್ತು ನನಗೆ ಅಭ್ಯಾಸ.

ನಿನ್ನ ಅಪ್ಪ