ಮಗಳಿಗೊಂದು ಪತ್ರ: ಆ ಚಾಕುವನ್ನು ಕಲ್ಲಿಗೆ ಹಿಡಿಯಬೇಡ

ಪುಟ್ಟಿ,

ಫೋನಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಸ್ವೀಡನ್ನಿನ ಉಮಿಯೋದಲ್ಲಿ ಅರಣ್ಯಶಾಸ್ತ್ರದ ಫೀಲ್ಡ್ ಕೆಲಸಕ್ಕೆ ಅಂತ ಫೆಲ್‌ಕ್ನಿವೆನ್ ಎಫ್1 ಚಾಕು ಕೊಂಡಿದ್ದು ಕೇಳಿ ಭಾರೀ ಖುಷಿಯಾಯಿತು. 1995ರಿಂದ ಸ್ವೀಡನ್ನಿನ ವಾಯುಪಡೆ ತನ್ನ ಪೈಲಟ್‌ಗಳಿಗೆ ಕೊಡುತ್ತಿರುವ ಚಾಕು ಅದು. ಆದರೆ ಮೊಂಡಾಯಿತು ಅಂತ ಮಸೆಗಲ್ಲು ಹುಡುಕುತ್ತಿದ್ದೀಯಲ್ಲ, ಸ್ವಲ್ಪ ತಾಳು.

ಅದರ ಬಾಯಿಯನ್ನು ಬೆಳಕಿಗೆ ಹಿಡಿದು ನೋಡು. ಅಡುಗೆಮನೆ ಚಾಕುವಿಗೆ ಇರುವಂಥ ಚಪ್ಪಟೆ ಅಂಚು ಕಾಣುವುದಿಲ್ಲ. ಎರಡೂ ಕಡೆ ಸಣ್ಣಗೆ ಉಬ್ಬಿಕೊಂಡು ಬಂದು ತುದಿಯಲ್ಲಿ ಕೂಡುತ್ತದೆ, ಸೌತೆಬೀಜದ ಮೊನೆಯ ಹಾಗೆ. ಈ ಉಬ್ಬಿನಿಂದ ಬಾಯಿಯ ಹಿಂದೆ ಉಕ್ಕು ಜಾಸ್ತಿ ಉಳಿಯುತ್ತದೆ. ಬರ್ಚ್ ಕೊರಡು ಸೀಳಿದರೂ ಬೇಗ ಹಲ್ಲು ಬೀಳುವುದಿಲ್ಲ. ನಮ್ಮ ತೋಟದ ಕತ್ತಿಯ ಬಾಯಿಯೂ ಇದೇ ಜಾತಿ. ಚಪ್ಪಟೆ ಕಲ್ಲಿಗೆ ಕೊಟ್ಟರೆ ಆ ಉಬ್ಬೇ ಸವೆದುಹೋಗುತ್ತದೆ. ಕಲ್ಲಿನ ಬದಲು ಚರ್ಮದ ಪಟ್ಟಿಯ ಮೇಲೆ ಮಸೆದರೆ ಹಾಗಲ್ಲ, ಅದು ಬಾಗಿ ಉಬ್ಬಿನ ಜೊತೆಗೇ ಹೋಗುತ್ತದೆ.

ಹಳೇ ಬೆಲ್ಟಿನ ತುಂಡೊಂದನ್ನು ಹಲಗೆಗೆ ಅಂಟಿಸಿಕೋ. ನಿಜವಾದ ಚರ್ಮವೇ ಆಗಬೇಕು, ರೆಕ್ಸಿನ್ ನಡೆಯುವುದಿಲ್ಲ. ಅದರ ಮೇಲೆ ಹಸಿರು ಪಾಲಿಶ್ ಕಡ್ಡಿಯನ್ನು, ಅಂದರೆ ಕ್ರೋಮಿಯಂ ಆಕ್ಸೈಡ್ ಇರುವುದನ್ನು, ತೆಳ್ಳಗೆ ಉಜ್ಜು.

ಈಗ ಚಾಕುವನ್ನು ಚರ್ಮದ ಮೇಲೆ ಮಲಗಿಸು. ಬೆನ್ನನ್ನು ಮೆಲ್ಲಗೆ ಎತ್ತುತ್ತಾ ಹೋಗು. ಬಾಯಿ ತಾಗಿತು ಅನ್ನಿಸಿದಲ್ಲಿ ನಿಲ್ಲಿಸು. ಬೆನ್ನು ಮುಂದೆ, ಬಾಯಿ ಹಿಂದೆ ಇರುವಂತೆ ಎಳೆ. ಉಲ್ಟಾ ಎಳೆದರೆ ಚರ್ಮವೇ ಕತ್ತರಿಸಿಹೋಗುತ್ತದೆ. ಸರಿಯಾಗಿ ತಾಗುತ್ತಿದೆಯೋ ಇಲ್ಲವೋ ಅನ್ನುವ ಅನುಮಾನ ಬಂದರೆ ಬಾಯಿಗೆ ಮಾರ್ಕರ್ ಮಸಿ ಹಚ್ಚಿ ನಾಲ್ಕು ಸಲ ಎಳೆದು ನೋಡು. ಕಟ್ಟಕಡೆಯ ಅಂಚಿನಲ್ಲಿ ಮಸಿ ಉಳಿದಿದ್ದರೆ ಬೆನ್ನನ್ನು ಇನ್ನೊಂದು ಚೂರು ಎತ್ತು.

ಭಾರ ಮಾತ್ರ ಹಾಕಬೇಡ. ಚಾಕುವಿನ ತೂಕ, ಅದರ ಮೇಲೆ ಬೆರಳಿನ ಆಸರೆ, ಅಷ್ಟೇ ಸಾಕು. ಒತ್ತಿದರೆ ಚರ್ಮ ತಗ್ಗುತ್ತದೆ, ಬಾಯಿ ದಾಟುತ್ತಿದ್ದ ಹಾಗೆ ಮತ್ತೆ ಮೇಲೇಳುತ್ತದೆ, ಹರಿತವಾದ ತುದಿಯನ್ನೇ ಉಜ್ಜಿ ಗುಂಡಾಗಿಸುತ್ತದೆ. ಎಳೆತ ಮುಗಿಯುವಾಗ ಮಣಿಕಟ್ಟು ತಿರುಗಿಸಿದರೂ ಇದೇ ಗತಿ. ಅದಕ್ಕೇ ಕೊನೆಯಲ್ಲಿ ಪೂರ್ತಿ ನಿಲ್ಲಿಸಿ, ನೇರ ಮೇಲೆತ್ತಿ, ಆಮೇಲೆ ಮಗ್ಗುಲು ಬದಲಿಸು. ಅವಸರದವರ ಚಾಕು ಹಾಳಾಗುವುದು ಇಲ್ಲೇ.

ಚರ್ಮ ಕಪ್ಪಾಗುತ್ತದೆ. ಅದು ಸವೆದ ಉಕ್ಕು, ಕೆಲಸ ಆಗುತ್ತಿದೆ ಅಂತ ಅರ್ಥ. ತೀರಾ ನುಣುಪಾಗಿ ಹೊಳೆಯತೊಡಗಿದರೆ ಕೆರೆದು ಹೊಸದಾಗಿ ಕಡ್ಡಿ ಉಜ್ಜು. ಹಲ್ಲು ಬಿದ್ದಿದ್ದರೆ ಚರ್ಮ ಒಂದರಿಂದಲೇ ಆಗದು. ಮೌಸ್‌ಪ್ಯಾಡ್ ಮೇಲೆ 600, 1000, 2000 ನಂಬರಿನ ವಾಟರ್ ಪೇಪರ್ (ನುಣುಪು ಉಜ್ಜುಕಾಗದ) ಒಂದಾದ ಮೇಲೊಂದು ಇಟ್ಟುಕೊಂಡು ಹೀಗೇ ಎಳೆ. ಮೆತ್ತನೆಯ ಪ್ಯಾಡ್ ಉಬ್ಬನ್ನು ಕಾಯುತ್ತದೆ.

ಕಾಡಿನಿಂದ ಬಂದ ಸಂಜೆ ಎರಡು ನಿಮಿಷ ಇದಕ್ಕೆ ಕೊಡು. ಪೂರ್ತಿ ಮೊಂಡಾಗಲು ಬಿಟ್ಟರೆ ಆಮೇಲೆ ಗಂಟೆಗಟ್ಟಲೆ ಕೆಲಸ. ಇನ್ನೊಂದು ಮಾತು, ಕೆಲಸವಿಲ್ಲದ ದಿನ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಪೇಟೆಗೆ ಹೋಗಬೇಡ. ಸರಿಯಾದ ಕಾರಣವಿಲ್ಲದೆ ಸಾರ್ವಜನಿಕ ಜಾಗದಲ್ಲಿ ಚಾಕು ಇಟ್ಟುಕೊಂಡು ಓಡಾಡುವುದು ಅಲ್ಲಿ ಕಾನೂನಿಗೆ ವಿರುದ್ಧ.

ನಿನ್ನ
ಅಪ್ಪ